ದಡ ಯಾರದು? ಗ್ರೀಕ್ ದ್ವೀಪಗಳ ಕಡಲ ತೀರದ ಕಥೆ

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಏಜಿಯನ್ ಸಮುದ್ರದ ಯಾವುದೋ ಒಂದು ದ್ವೀಪದ ದಡ. ನಮ್ಮ ಸರ್ವೆ ಮರವನ್ನು ನೆನಪಿಸುವ ತಾಮರಿಸ್ಕ್ ಮರದ ನೆರಳಿನಲ್ಲಿ ಐದಾರು ಗೆಳೆಯರು ಟವೆಲು ಹಾಸಿಕೊಂಡು ಮಲಗಿದ್ದಾರೆ. ಇಬ್ಬರು ನೀರಿನಂಚಿನಲ್ಲಿ ನಿಂತು ಮರದ ಬ್ಯಾಟುಗಳಿಂದ ಚೆಂಡನ್ನು ಟಕಟಕನೆ ಬಡಿಯುತ್ತಿದ್ದಾರೆ. ಒಬ್ಬಾಕೆಯ ಕೈಯಲ್ಲಿ ನೊರೆ ತುಂಬಿದ ತಣ್ಣನೆಯ 'ಫ್ರಾಪೆ' ಕಾಫಿ. ದೂರದ ಹೋಟೆಲಿನ ಮುಂದೆ ಕಟ್ಟಿದ ಹಗ್ಗದ ಮೇಲೆ, ಒಗೆದ ಬಟ್ಟೆಯಂತೆ, ಆಕ್ಟೋಪಸ್ ಒಣಗುತ್ತಿದೆ. ಉತ್ತರದಿಂದ ಬೀಸುವ 'ಮೆಲ್ತೆಮಿ' ಗಾಳಿ ಬಿಸಿಲನ್ನು ಸಹ್ಯವಾಗಿಸಿದೆ. ಯಾರಿಗೂ ಯಾವ ಅವಸರವೂ ಇಲ್ಲ.

ಗ್ರೀಕರು ಇಂಥ ಗೆಳೆಯರ ಗುಂಪನ್ನು 'ಪರೇಆ' ಎನ್ನುತ್ತಾರೆ. ಅವಸರ ಮಾಡುವವರಿಗೆ ಅವರು ಹೇಳುವ ಮಾತು 'ಸಿಗಾ ಸಿಗಾ', ಅಂದರೆ ನಿಧಾನ, ನಿಧಾನ. ಗ್ರೀಸ್‌ಗೆ ಹೋಗಿ ಬಂದವರೆಲ್ಲ ಕಲಿತು ಬರುವ ಮಾತಿದು. ಪ್ರವಾಸಿ ಭಿತ್ತಿಪತ್ರಗಳಲ್ಲಿ, ಸಿನಿಮಾಗಳಲ್ಲಿ ಈ ಚಿತ್ರವನ್ನು ನೋಡಿ ನೋಡಿ, ದ್ವೀಪದ ಜನ ಅನಾದಿ ಕಾಲದಿಂದಲೂ ಹೀಗೆಯೇ ದಡದಲ್ಲಿ ಒರಗಿಕೊಂಡೇ ಬಾಳಿದವರೆಂದು ನಮಗೆ ಅನ್ನಿಸಿಬಿಟ್ಟಿದೆ.

ಇತಿಹಾಸ ಹೇಳುವುದು ಬೇರೆಯನ್ನೇ. ಗ್ರೀಸ್‌ನಲ್ಲಿ ಸಣ್ಣಪುಟ್ಟ ಬಂಡೆದ್ವೀಪಗಳೂ ಸೇರಿ ಸುಮಾರು 6,000 ದ್ವೀಪಗಳಿವೆ. ಅವುಗಳಲ್ಲಿ ಜನವಸತಿ ಇರುವುದು 227ರಲ್ಲಿ ಮಾತ್ರ. ದೇಶದ ಒಟ್ಟು ಕಡಲಂಚು 13 ಸಾವಿರ ಕಿಲೋಮೀಟರಿಗೂ ಹೆಚ್ಚು. ನಮ್ಮ ಕರ್ನಾಟಕದ ಕರಾವಳಿಯ ಉದ್ದ 300 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಎಂಬುದನ್ನು ನೆನೆದರೆ ಇದರ ಅಗಾಧತೆ ತಿಳಿದೀತು. ಇಷ್ಟು ದೊಡ್ಡ ಕಡಲಂಚಿನ ಬಹುಪಾಲನ್ನು ದ್ವೀಪದ ಜನ ಶತಮಾನಗಳ ಕಾಲ ಭಯದಿಂದ ನೋಡಿದರು. ದಡವೆಂದರೆ ಅಪರಿಚಿತ ಬಂದಿಳಿಯುವ ಜಾಗ. ಬಂದವನು ಅತಿಥಿಯೋ, ಕಳ್ಳನೋ, ಕೈದಿಯೋ, ಗಿರಾಕಿಯೋ ಎಂಬುದರ ಮೇಲೆ ಊರಿನ ಹಣೆಬರಹ ನಿಂತಿತ್ತು. ಈ ದ್ವೀಪಗಳ ದಡದ ಕಥೆಯೆಂದರೆ ಹೀಗೆ ಬಂದಿಳಿದವರ ಕಥೆಯೇ.

ಮೊದಲ ಬೀಚ್ ವಿಹಾರ

ಗೆಳತಿಯರೆಲ್ಲ ಸೇರಿ ಕಡಲ ತೀರದಲ್ಲಿ ಒಂದು ದಿನ ಕಳೆದ ಪ್ರಸಂಗವನ್ನು ಗ್ರೀಕ್ ಸಾಹಿತ್ಯದಲ್ಲಿ ಹುಡುಕಹೊರಟರೆ ನಾವು ನೇರವಾಗಿ ಹೋಮರನ 'ಒಡಿಸ್ಸಿ'ಗೆ ಹೋಗಿ ನಿಲ್ಲಬೇಕಾಗುತ್ತದೆ. ಆ ಮಹಾಕಾವ್ಯದ ಆರನೆಯ ಭಾಗದಲ್ಲಿ ನೌಸಿಕಾ ಎಂಬ ರಾಜಕುಮಾರಿ ಹೇಸರಗತ್ತೆಯ ಬಂಡಿಯಲ್ಲಿ ಮನೆಯ ಬಟ್ಟೆಗಳನ್ನೆಲ್ಲ ಹೇರಿಕೊಂಡು ದಾಸಿಯರೊಡನೆ ಕಡಲಂಚಿಗೆ ಬರುತ್ತಾಳೆ. ಹೊಳೆಯ ನೀರಿನಲ್ಲಿ ಬಟ್ಟೆ ಒಗೆದು ದಡದ ಬೆಣಚುಕಲ್ಲುಗಳ ಮೇಲೆ ಹರವುತ್ತಾರೆ. ಬಟ್ಟೆ ಒಣಗುವ ತನಕ ಮಾಡುವುದೇನು? ಮಿಂದು, ಮೈಗೆ ಆಲಿವ್ ಎಣ್ಣೆ ಹಚ್ಚಿಕೊಂಡು, ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಉಣ್ಣುತ್ತಾರೆ. ಆಮೇಲೆ ತಲೆಯ ಮೇಲಿನ ಸೆರಗನ್ನು ಬದಿಗಿಟ್ಟು ಚೆಂಡಾಟಕ್ಕೆ ಇಳಿಯುತ್ತಾರೆ.

ಎಣ್ಣೆ, ಬುತ್ತಿ, ಚೆಂಡು, ಗೆಳತಿಯರು. ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನ ಈ ಚಿತ್ರಕ್ಕೂ ಇಂದಿನ ಬೀಚಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಹೋಮರನ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಚೆಂಡು ನೀರಿಗೆ ಬಿದ್ದು ಹುಡುಗಿಯರು ಕೂಗಿಕೊಂಡಾಗ, ಹಡಗು ಒಡೆದು ದಡ ಸೇರಿ ಪೊದೆಯಲ್ಲಿ ಮಲಗಿದ್ದ ಒಡಿಸ್ಯೂಸ್ ಎಚ್ಚರಗೊಳ್ಳುತ್ತಾನೆ. ಮೈಮೇಲೆ ಬಟ್ಟೆಯಿಲ್ಲ, ಮೈಯೆಲ್ಲ ಉಪ್ಪು. ಒಂದು ಸೊಪ್ಪಿನ ಕೊಂಬೆಯನ್ನು ಅಡ್ಡ ಹಿಡಿದು ಹೊರಬಂದ ಅವನನ್ನು ಕಂಡು ದಾಸಿಯರೆಲ್ಲ ಓಡುತ್ತಾರೆ. ನೌಸಿಕಾ ಮಾತ್ರ ಕದಲುವುದಿಲ್ಲ. ಅಪರಿಚಿತರೂ ಭಿಕ್ಷುಕರೂ ದೇವರಾಜ ಸ್ಯೂಸ್ ಕಳುಹಿಸಿದವರು ಎಂದು ದಾಸಿಯರಿಗೆ ತಿಳಿಹೇಳಿ, ಅವನಿಗೆ ಅನ್ನ, ಬಟ್ಟೆ ಕೊಡಿಸುತ್ತಾಳೆ.

ಗ್ರೀಕ್ ಭಾಷೆಯ 'ಕ್ಸೆನೋಸ್' ಎಂಬ ಪದಕ್ಕೆ ಅಪರಿಚಿತ ಎಂಬ ಅರ್ಥವೂ ಇದೆ, ಅತಿಥಿ ಎಂಬ ಅರ್ಥವೂ ಇದೆ. ಅತಿಥಿಸತ್ಕಾರಕ್ಕೆ 'ಕ್ಸೇನಿಯಾ' ಎಂದು ಹೆಸರು. ಅತಿಥಿಯನ್ನು ದೇವರೆಂದು ಕರೆಯುವ ನಮಗೆ ಈ ಭಾವನೆ ಹೊಸದಲ್ಲ.

ಗ್ರೀಕರು ತಾವೇ ಪರರ ದಡದಲ್ಲಿ ಅಪರಿಚಿತರಾಗಿ ನಿಂತ ಕಥೆಯೂ ಉಂಟು, ಮತ್ತು ಅದಕ್ಕೆ ಕನ್ನಡದ ನಂಟಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪಪೈರಸ್ ಹಾಳೆಯೊಂದರಲ್ಲಿ 'ಕರಿಟಿಯನ್' ಎಂದು ಹೆಸರಾದ ಗ್ರೀಕ್ ಪ್ರಹಸನವಿದೆ. ಭಾರತದ ಕಡಲ ತೀರದಲ್ಲಿ ಸೆರೆಸಿಕ್ಕ ಗ್ರೀಕ್ ಯುವತಿಯನ್ನು ಅವಳ ಅಣ್ಣ ಬಂದು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ಸ್ಥಳೀಯರು ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಮೊದಲಾದವರು ವಾದಿಸಿದರು. ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಅದೇನೇ ಇರಲಿ, ಪರದೇಶದ ದಡದಲ್ಲಿ ಇಳಿದವನ ಪಾಡೇನು ಎಂಬ ಪ್ರಶ್ನೆ ಗ್ರೀಕರನ್ನು ಬಹುಕಾಲ ಕಾಡಿತ್ತು ಎಂಬುದಂತೂ ಸ್ಪಷ್ಟ.

ಕಡಲಿಗೆ ಬೆನ್ನು ಹಾಕಿದ ಊರುಗಳು

ಗ್ರೀಕ್ ದ್ವೀಪಗಳಲ್ಲಿ ಸುತ್ತುವವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ದ್ವೀಪದ ಮುಖ್ಯ ಊರು, ಅಂದರೆ 'ಹೋರಾ', ಎಷ್ಟೋ ಕಡೆ ಬಂದರಿನಲ್ಲಿ ಇರುವುದಿಲ್ಲ. ಸೆರಿಫೋಸ್, ಪಾತ್ಮೋಸ್, ಆಸ್ತಿಪಾಲೆಯಾ ಮುಂತಾದ ಕಡೆಗಳಲ್ಲಿ ಅದು ಗುಡ್ಡದ ನೆತ್ತಿಯಲ್ಲಿ ಕುಳಿತಿರುತ್ತದೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಲವೆಡೆ ಹೊರಸಾಲಿನ ಮನೆಗಳ ಹಿಂಗೋಡೆಗಳೇ ಊರಿನ ಕೋಟೆಗೋಡೆಗಳು. ಇಂದು ಪ್ರವಾಸಿಗರು ಫೋಟೋ ಹಿಡಿದು ಮೆಚ್ಚುವ ಈ ಸೌಂದರ್ಯದ ಹಿಂದಿರುವುದು ಕಡಲ್ಗಳ್ಳರ ಭಯ.

1537ರಲ್ಲಿ ಆಟೋಮನ್ ನೌಕಾಧಿಪತಿ ಹೈರುದ್ದೀನ್ ಬಾರ್ಬರೋಸ ಐಗಿನಾ ದ್ವೀಪದ ಮೇಲೆ ಎರಗಿದಾಗ ಸಾವಿರಾರು ಜನರನ್ನು ಗುಲಾಮರನ್ನಾಗಿ ಹಿಡಿದೊಯ್ದ. ಅಲ್ಲಿನ ಜನ ಅದಕ್ಕೂ ಎಷ್ಟೋ ಶತಮಾನಗಳ ಮುನ್ನವೇ ದಡ ಬಿಟ್ಟು ಒಳನಾಡಿನ ಬೆಟ್ಟವನ್ನು ಸೇರಿದ್ದರು. ಆದರೂ ಉಳಿಯಲಿಲ್ಲ. ಇಕಾರಿಯಾ ದ್ವೀಪದಲ್ಲಿ ಹೊಗೆಗೂಡೇ ಇಲ್ಲದ, ಬಂಡೆಗಳ ಮರೆಯಲ್ಲಿ ಬಂಡೆಯಂತೆಯೇ ಕಾಣುವ ತಗ್ಗು ಮನೆಗಳನ್ನು ಕಟ್ಟಿಕೊಂಡರು. ಒಲೆಯ ಹೊಗೆ ಹಡಗಿನಲ್ಲಿದ್ದವರಿಗೆ ಕಂಡರೆ ಕಥೆ ಮುಗಿಯಿತು ಎಂಬ ಆತಂಕ.

ಇಂಥ ಕಾಲದಲ್ಲಿ ಮರಳಿನ ದಡಕ್ಕೆ ಬೆಲೆಯೆಲ್ಲಿಯದು? ಅಲ್ಲಿ ಬಾರ್ಲಿ ಬೆಳೆಯುವುದಿಲ್ಲ, ದ್ರಾಕ್ಷಿ ಹಬ್ಬುವುದಿಲ್ಲ. ಆಸ್ತಿ ಪಾಲು ಮಾಡುವಾಗ ಒಳನಾಡಿನ ಫಲವತ್ತಾದ ಹೊಲ ಗಂಡುಮಕ್ಕಳಿಗೆ, ಕಡಲಂಚಿನ ಬರಡು ನೆಲ ಹೆಣ್ಣುಮಕ್ಕಳಿಗೆ ಎಂಬುದು ರೂಢಿಯಾಗಿತ್ತೆಂದು ಎಷ್ಟೋ ದ್ವೀಪಗಳಲ್ಲಿ ಇಂದಿಗೂ ಹೇಳುತ್ತಾರೆ. ಪ್ರವಾಸೋದ್ಯಮ ಬಂದಮೇಲೆ ಆ ಬರಡು ನೆಲವೇ ಬಂಗಾರವಾಯಿತು. ಅಣ್ಣಂದಿರು ಹೊಲ ಉಳುತ್ತಿರುವಾಗ ತಂಗಿಯರು ಹೋಟೆಲ್ ಒಡತಿಯರಾದರು ಎಂದು ನಗುತ್ತಾರೆ.

ಕಡಲಿನ ತಳದಿಂದ ಬದುಕು

ಕಡಲ್ಗಳ್ಳರ ಕಾಟ ಮುಗಿದಮೇಲೂ ಕಡಲು ವಿಹಾರದ ಜಾಗವಾಗಲಿಲ್ಲ, ಅದು ದುಡಿಮೆಯ ಜಾಗವಾಗಿತ್ತು. ಕಾಲಿಮ್ನೋಸ್, ಸಿಮಿ ದ್ವೀಪಗಳ ಗಂಡಸರು ಸ್ಪಂಜು ಕೀಳಲು ಕಡಲ ತಳಕ್ಕೆ ಇಳಿಯುತ್ತಿದ್ದರು. ಮೊದಲು ಬರಿಮೈಯಲ್ಲಿ, ಭಾರಕ್ಕೆ ಒಂದು ಚಪ್ಪಟೆ ಕಲ್ಲನ್ನು ಹಿಡಿದು ಮುಳುಗುತ್ತಿದ್ದರು. 1860ರ ದಶಕದಲ್ಲಿ ರಬ್ಬರಿನ ಉಡುಪು ಮತ್ತು ತಾಮ್ರದ ಶಿರಸ್ತ್ರಾಣ ಬಂದವು. ಮೇಲಿನಿಂದ ಕೊಳವೆಯಲ್ಲಿ ಗಾಳಿ ಬರುತ್ತಿದ್ದುದರಿಂದ ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ಹೋಗಬಹುದಾಯಿತು. ಆದರೆ ಆಳದಿಂದ ಬೇಗನೆ ಮೇಲೆ ಬಂದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುತ್ತದೆ ಎಂಬುದು ಅವರಿಗಾರಿಗೂ ಗೊತ್ತಿರಲಿಲ್ಲ. ಎಷ್ಟೋ ಯುವಕರು ಸತ್ತರು, ಇನ್ನೆಷ್ಟೋ ಮಂದಿಯ ಕಾಲು ಸೊರಗಿತು. ಕಾಲಿಮ್ನೋಸ್‌ನಲ್ಲಿ 'ಮಿಹಾನಿಕೋಸ್' ಎಂಬ ಕುಣಿತವಿದೆ. ಅದರಲ್ಲಿ ಮುಂದಾಳು ಕೋಲೂರಿಕೊಂಡು ನಡುಗುವ ಕಾಲುಗಳಿಂದ ಕುಣಿಯುತ್ತಾನೆ. ಊನಗೊಂಡ ಮುಳುಗುಗಾರನ ನೆನಪು ಅದು.

1900ರ ಈಸ್ಟರ್ ಹೊತ್ತಿಗೆ ಸಿಮಿಯ ಸ್ಪಂಜು ದೋಣಿಗಳು ಬಿರುಗಾಳಿಯಿಂದ ತಪ್ಪಿಸಿಕೊಳ್ಳಲು ಆಂತಿಕಿಥೀರಾ ಎಂಬ ಪುಟ್ಟ ದ್ವೀಪದ ಬಳಿ ನಿಂತವು. ನೀರಿಗಿಳಿದ ಎಲಿಯಾಸ್ ಸ್ತಾದಿಯಾತಿಸ್ ಹೆದರಿ ಮೇಲೆ ಬಂದು, ಕೆಳಗೆ ಹೆಣಗಳ ರಾಶಿಯಿದೆ ಎಂದ. ಅವು ಹೆಣಗಳಲ್ಲ, ಎರಡು ಸಾವಿರ ವರ್ಷಗಳ ಹಿಂದೆ ಮುಳುಗಿದ ಹಡಗಿನಲ್ಲಿದ್ದ ವಿಗ್ರಹಗಳು. ಗ್ರಹಗತಿ ಲೆಕ್ಕ ಹಾಕುವ ಹಲ್ಲುಚಕ್ರಗಳ ಪ್ರಸಿದ್ಧ 'ಆಂತಿಕಿಥೀರಾ ಯಂತ್ರ' ಸಿಕ್ಕಿದ್ದೂ ಅಲ್ಲೇ. ಅಥೆನ್ಸ್‌ನ ವಸ್ತುಸಂಗ್ರಹಾಲಯದಲ್ಲಿ ಇಂದು ಅದನ್ನು ನೋಡಿ ಬೆರಗಾಗುತ್ತೇವೆ. ಆ ನಿಧಿಯನ್ನು ಮೇಲೆತ್ತುವಾಗ ಒಬ್ಬ ಮುಳುಗುಗಾರ ಸತ್ತು, ಇಬ್ಬರು ಪಾರ್ಶ್ವವಾಯುವಿಗೆ ತುತ್ತಾದರು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಬಯಲು ಸೆರೆಮನೆ

ದ್ವೀಪವೆಂದರೆ ಆಳುವವರಿಗೆ ಖರ್ಚಿಲ್ಲದ ಸೆರೆಮನೆ. ಸುತ್ತ ಗೋಡೆ ಕಟ್ಟಬೇಕಾಗಿಲ್ಲ. ರೋಮನ್ ಚಕ್ರವರ್ತಿಗಳೇ ಬೇಡದವರನ್ನು ಗ್ಯಾರೋಸ್ ಎಂಬ ಬೋಳು ದ್ವೀಪಕ್ಕೆ ಗಡೀಪಾರು ಮಾಡುತ್ತಿದ್ದರು. 20ನೇ ಶತಮಾನದಲ್ಲಿ ಗ್ರೀಕ್ ಸರ್ಕಾರಗಳೂ ಅದೇ ದಾರಿ ಹಿಡಿದವು. 1936ರಲ್ಲಿ ಸರ್ವಾಧಿಕಾರಿಯಾದ ಮೆತಾಕ್ಸಾಸ್‌ನ ಕಾಲದಲ್ಲಿ ಎಡಪಂಥೀಯರನ್ನು ಆನಾಫಿ ಮೊದಲಾದ ದ್ವೀಪಗಳಿಗೆ ಕಳುಹಿಸಲಾಯಿತು. ಅಂತರ್ಯುದ್ಧದ ಸಮಯದಲ್ಲಿ, 1947ರಿಂದ, ಮಾಕ್ರೋನಿಸೋಸ್ ದ್ವೀಪ ಚಿತ್ರಹಿಂಸೆಗೆ ಕುಖ್ಯಾತವಾಯಿತು. 1967ರಿಂದ 1974ರವರೆಗಿನ ಸೇನಾಡಳಿತದಲ್ಲಿ ಗ್ಯಾರೋಸ್, ಲೆರೋಸ್ ದ್ವೀಪಗಳು ಮತ್ತೆ ಕೈದಿಗಳಿಂದ ತುಂಬಿದವು. ಮಹಾಕವಿ ಯಾನಿಸ್ ರಿಟ್ಸೋಸ್ ಎರಡೂ ಅವಧಿಗಳಲ್ಲಿ ದ್ವೀಪವಾಸದ ಶಿಕ್ಷೆ ಅನುಭವಿಸಿದರು.

ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್ ಅವರದು ಇನ್ನೂ ವಿಚಿತ್ರ ಕಥೆ. ಯೌವನದಲ್ಲಿ ಇಕಾರಿಯಾ ಮತ್ತು ಮಾಕ್ರೋನಿಸೋಸ್‌ಗಳಲ್ಲಿ ಬಂದಿಯಾಗಿದ್ದ ಅವರೇ, 1964ರಲ್ಲಿ 'ಜೋರ್ಬಾ ದಿ ಗ್ರೀಕ್' ಚಿತ್ರಕ್ಕೆ ಸಂಗೀತ ಕೊಟ್ಟರು. ಕ್ರೀಟ್ ದ್ವೀಪದ ಸ್ತಾವ್ರೋಸ್ ಬೀಚಿನಲ್ಲಿ ನಟ ಆಂಟನಿ ಕ್ವಿನ್ ಕುಣಿದ ಆ ಕೊನೆಯ ದೃಶ್ಯ ಜಗತ್ತಿಗೆಲ್ಲ ಗ್ರೀಸ್‌ನ ಬೀಚನ್ನು ಪರಿಚಯಿಸಿತು. 'ಸಿರ್ತಾಕಿ' ಎಂದು ಹೆಸರಾದ ಆ ಕುಣಿತ ಹಳೆಯ ಜಾನಪದ ನೃತ್ಯವೆಂದು ಪ್ರವಾಸಿಗರು ನಂಬುತ್ತಾರೆ. ವಾಸ್ತವವಾಗಿ ಅದು ಹಳೆಯ ಕುಣಿತವೊಂದನ್ನು ಆಧರಿಸಿ ಆ ಚಿತ್ರಕ್ಕಾಗಿಯೇ ಹೊಸೆದದ್ದು. ಮೂರೇ ವರ್ಷಗಳಲ್ಲಿ ಸೇನಾಡಳಿತ ಥಿಯೊಡೊರಾಕಿಸ್ ಅವರ ಸಂಗೀತವನ್ನು ನಿಷೇಧಿಸಿತು. ಜೋರ್ಬಾನ ಬೀಚನ್ನು ಹುಡುಕಿಕೊಂಡು ವಿದೇಶೀಯರು ಬರುತ್ತಿದ್ದಾಗ, ಅದರ ರಾಗ ಕಟ್ಟಿದವರು ಅದೇ ದೇಶದಲ್ಲಿ ಸೆರೆಯಲ್ಲಿದ್ದರು.

ರಜೆ ಎಂಬ ಹೊಸ ಹಕ್ಕು

ಹಾಗಾದರೆ ಸುಮ್ಮನೆ ದಡದಲ್ಲಿ ಮಲಗುವ ಈ ಅಭ್ಯಾಸ ಬಂದದ್ದೆಲ್ಲಿಂದ? ಆಧುನಿಕ ಯೂರೋಪಿನಲ್ಲಿ ಕಡಲ ಸ್ನಾನ ಮೊದಲು ಶುರುವಾದದ್ದು ಔಷಧಿಯಾಗಿ. 18ನೇ ಶತಮಾನದ ಇಂಗ್ಲೆಂಡಿನ ವೈದ್ಯರು ತಣ್ಣನೆಯ ಸಮುದ್ರದಲ್ಲಿ ಮುಳುಗು ಹಾಕಲು ರೋಗಿಗಳಿಗೆ ಹೇಳುತ್ತಿದ್ದರು. ಗ್ರೀಸ್‌ನಲ್ಲೂ ಆ ನಂಬಿಕೆ ಬೇರೂರಿತು. ಈ ಬೇಸಗೆಯಲ್ಲಿ ಎಷ್ಟು 'ಬಾನಿಯಾ' ಆದವು, ಅಂದರೆ ಎಷ್ಟು ಸ್ನಾನ ಮಾಡಿದಿರಿ ಎಂದು ಕೀಲುನೋವಿನ ಅಜ್ಜಿಯರು ಇಂದಿಗೂ ಲೆಕ್ಕ ಇಡುತ್ತಾರೆ. ಮೊದಮೊದಲು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ನಾನದ ಜಾಗಗಳಿದ್ದವು. ಇಬ್ಬರೂ ಒಟ್ಟಿಗೆ ಮೀಯುವ ಪದ್ಧತಿ ಬಂದಾಗ ಅದನ್ನು 'ಬೆನ್ ಮಿಕ್ಸ್ತ್' ಎಂಬ ಫ್ರೆಂಚ್ ಹೆಸರಿನಿಂದಲೇ ಕರೆದರು. ಸಂಪ್ರದಾಯಸ್ಥರು ಮೂಗು ಮುರಿದರು.

ದುಡಿಯುವವನು ಬೀಚಿಗೆ ಹೋಗಬೇಕಾದರೆ ಅವನಿಗೆ ಸಂಬಳ ಕಡಿತವಿಲ್ಲದ ರಜೆ ಬೇಕು. ಫ್ರಾನ್ಸ್ 1936ರಲ್ಲಿ ಕಾರ್ಮಿಕರಿಗೆ ಎರಡು ವಾರದ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. ಗ್ರೀಸ್‌ನಲ್ಲಿ ಅಂಥ ಕಾನೂನು ಬಂದದ್ದು 1945ರಲ್ಲಿ. ರಜೆಯ ಹಿಂದೆಯೇ ಅಗ್ಗದ ಪ್ರಯಾಣವೂ ಬಂತು. 1950ರಲ್ಲಿ ಲಂಡನ್ನಿನ ವ್ಲಾಡಿಮಿರ್ ರೈಟ್ಸ್ ವಿಮಾನ, ವಸತಿ, ಊಟ ಎಲ್ಲ ಸೇರಿಸಿ ಒಂದೇ ದರದಲ್ಲಿ ಜನರನ್ನು ಕಾರ್ಸಿಕಾ ದ್ವೀಪಕ್ಕೆ ಕರೆದೊಯ್ದರು. ಅದೇ ವರ್ಷ ಹುಟ್ಟಿದ 'ಕ್ಲಬ್ ಮೆಡಿಟರೇನಿ' ಎರಡು ವರ್ಷಗಳಲ್ಲಿ ಗ್ರೀಸ್‌ನ ಕೋರ್ಫು ದ್ವೀಪದ ದಡದಲ್ಲಿ ಪ್ರವಾಸಿ ಗ್ರಾಮ ತೆರೆಯಿತು. ನೌಸಿಕಾಳ ನಾಡು ಈ ಕೋರ್ಫುವೇ ಎಂಬುದು ಹಳೆಯ ನಂಬಿಕೆ.

ಯುದ್ಧ, ಕ್ಷಾಮ, ಅಂತರ್ಯುದ್ಧಗಳಲ್ಲಿ ನಲುಗಿದ್ದ ಗ್ರೀಸ್‌ಗೆ ವಿದೇಶಿ ವಿನಿಮಯ ಬೇಕಿತ್ತು. ಸರ್ಕಾರವೇ ಹೋಟೆಲುಗಳನ್ನು ಕಟ್ಟಿಸಿತು. ಅವುಗಳಿಗೆ ಇಟ್ಟ ಹೆಸರು 'ಕ್ಸೇನಿಯಾ', ಹೋಮರನ ಕಾಲದ ಅದೇ ಪದ. 1957ರಿಂದ 1967ರವರೆಗೆ ಈ ಯೋಜನೆಯ ವಿನ್ಯಾಸದ ಹೊಣೆ ಹೊತ್ತಿದ್ದ ವಾಸ್ತುಶಿಲ್ಪಿ ಆರಿಸ್ ಕೊನ್‌ಸ್ಟಾಂಟಿನಿಡಿಸ್, ಕಟ್ಟಡ ದಡದ ಬಂಡೆಗಳಿಗೆ ಹೊಂದಿಕೊಂಡಿರಬೇಕೆಂದು ಸ್ಥಳೀಯ ಕಲ್ಲುಗಳಿಂದ ತಗ್ಗಿನ ಹೋಟೆಲುಗಳನ್ನು ಕಟ್ಟಿದರು. ಇನ್ನೊಂದೆಡೆ ಕಾಸಿಲ್ಲದ ಯುವಜನರೂ ಬಂದರು. 1960ರ ದಶಕದ ಕೊನೆಯಲ್ಲಿ ಕ್ರೀಟ್‌ನ ಮತಾಲಾ ಬೀಚಿನ ಗುಹೆಗಳಲ್ಲಿ ಹಿಪ್ಪಿಗಳು ಬೀಡುಬಿಟ್ಟರು. ಪ್ರಾಚೀನರು ಸಮಾಧಿಗಳಾಗಿ ಬಳಸಿದ್ದ ಗುಹೆಗಳವು.

ಫ್ರಾಪೆ ಕಾಫಿ ಹುಟ್ಟಿದ್ದೂ ಈ ಕಾಲದಲ್ಲೇ. 1957ರ ಥೆಸಲೊನಿಕಿ ವಸ್ತುಪ್ರದರ್ಶನದಲ್ಲಿ ಬಿಸಿನೀರು ಸಿಗದೆ, ದಿಮಿತ್ರಿಸ್ ವಾಕೊಂದಿಯೊಸ್ ಎಂಬ ಕಂಪನಿ ನೌಕರ ಕಾಫಿಪುಡಿಯನ್ನು ತಣ್ಣೀರಿನಲ್ಲಿ ಕುಲುಕಿ ಕುಡಿದನಂತೆ. ಒಂದು ಲೋಟವನ್ನು ಮೂರು ತಾಸು ಹೀರುತ್ತ ಕೂರುವ ಬೀಚಿನ ಸೋಮಾರಿತನಕ್ಕೆ ಅದು ಹೇಳಿ ಮಾಡಿಸಿದಂತಿತ್ತು.

2015ರ ದೋಣಿಗಳು

ಬೀಚೆಂದರೆ ರಜೆ ಎಂದು ಜಗತ್ತು ನಿಶ್ಚಿಂತೆಯಿಂದಿದ್ದಾಗ ಹಳೆಯ ಪ್ರಶ್ನೆ ಮತ್ತೆ ದಡಕ್ಕೆ ಬಂತು. ಸಿರಿಯಾ, ಆಫ್ಘಾನಿಸ್ತಾನ, ಇರಾಕ್‌ಗಳ ಯುದ್ಧಗಳಿಂದ ಓಡಿ ಬಂದವರು 2015ರಲ್ಲಿ ತುರ್ಕಿಯ ಕಡೆಯಿಂದ ರಬ್ಬರ್ ದೋಣಿಗಳಲ್ಲಿ ಗ್ರೀಕ್ ದ್ವೀಪಗಳಿಗೆ ಬಂದಿಳಿದರು. ಆ ಒಂದೇ ವರ್ಷ ಕಡಲು ದಾಟಿ ಬಂದವರು ಎಂಟೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕೂ ಮಿಕ್ಕಿ ಜನ ಲೆಸ್ಬೋಸ್ ದ್ವೀಪವೊಂದಕ್ಕೇ ಬಂದರು. ದಡದಲ್ಲಿ ಒರಗುಕುರ್ಚಿಗಳ ಪಕ್ಕದಲ್ಲೇ ಕಿತ್ತಳೆ ಬಣ್ಣದ ಜೀವರಕ್ಷಕ ಕವಚಗಳ ರಾಶಿ ಬಿದ್ದಿತು.

ಮೀನುಗಾರರು ಬಲೆ ಬಿಟ್ಟು ಮುಳುಗುವವರನ್ನು ಎತ್ತಿದರು. ಅಜ್ಜಿಯರು ನೆನೆದ ಮಕ್ಕಳಿಗೆ ಹಾಲು ಕುಡಿಸಿದರು. ಲೆಸ್ಬೋಸ್‌ನ ಎಷ್ಟೋ ಕುಟುಂಬಗಳು 1922ರಲ್ಲಿ ಏಷ್ಯಾ ಮೈನರ್‌ನಿಂದ ಅದೇ ನೀರನ್ನು ದಾಟಿ ಬಂದ ನಿರಾಶ್ರಿತರ ಸಂತತಿ. ಆದರೆ ವರ್ಷಗಳು ಕಳೆದಂತೆ ಸೌಹಾರ್ದ ಬತ್ತಿತು. ಯೂರೋಪಿನ ಗಡಿಗಳು ಮುಚ್ಚಿದ್ದರಿಂದ ಬಂದವರು ದ್ವೀಪದಲ್ಲೇ ಸಿಕ್ಕಿಕೊಂಡರು. ಜನರನ್ನು ಕಿಕ್ಕಿರಿದು ತುಂಬಿದ್ದ ಮೋರಿಯಾ ಶಿಬಿರ 2020ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಒಂದೇ ದಡದಲ್ಲಿ ಹಣವಿದ್ದ ಅಪರಿಚಿತನಿಗೆ ಒಂದು ಸ್ವಾಗತ, ಹಣವಿಲ್ಲದವನಿಗೆ ಇನ್ನೊಂದು ಎಂಬ ಕಟುಸತ್ಯ ಎದ್ದು ಕಂಡಿತು.

ಟವೆಲು ಹಾಸಲು ಜಾಗ

ಈಗ ಇನ್ನೊಂದು ತಿರುವು. 2023ರಲ್ಲಿ ಗ್ರೀಸ್‌ಗೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಸುಮಾರು 3 ಕೋಟಿ 27 ಲಕ್ಷ. ಆ ದೇಶದ ಜನಸಂಖ್ಯೆ 1 ಕೋಟಿ 5 ಲಕ್ಷದ ಆಸುಪಾಸು. ಮನೆಗಳೆಲ್ಲ ಪ್ರವಾಸಿಗರ ಬಾಡಿಗೆಗೆ ಹೋಗುವುದರಿಂದ, ದ್ವೀಪಕ್ಕೆ ವರ್ಗವಾಗಿ ಬಂದ ಶಾಲಾ ಶಿಕ್ಷಕರಿಗೆ, ವೈದ್ಯರಿಗೆ ವಾಸಕ್ಕೆ ಮನೆ ಸಿಗುವುದೇ ಕಷ್ಟವಾಗಿದೆ.

ದಡದ ಸ್ಥಿತಿಯೂ ಇದೇ. ಗ್ರೀಸ್‌ನ ಕಾನೂನಿನ ಪ್ರಕಾರ ಕಡಲಂಚು ಸಾರ್ವಜನಿಕರದು. ಅದನ್ನು ಯಾರೂ ಕೊಳ್ಳುವಂತಿಲ್ಲ. ಕೊಡೆ, ಕುರ್ಚಿ ಹಾಕಲು ಒಂದಿಷ್ಟು ಭಾಗವನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತದೆ. ಆದರೆ ನೂರು ಚದರ ಮೀಟರಿಗೆ ಗುತ್ತಿಗೆ ಪಡೆದು ಇಡೀ ಬೀಚನ್ನೇ ಆವರಿಸಿಕೊಂಡರೆ? ಪಾರೋಸ್ ದ್ವೀಪದಲ್ಲಿ ಆದದ್ದು ಇದೇ ಎಂಬುದು ಅಲ್ಲಿನವರ ದೂರು. ಎರಡು ಕುರ್ಚಿ, ಒಂದು ಕೊಡೆಗೆ ದಿನಕ್ಕೆ ನೂರು ಯೂರೋ ಮೀರಿದ ದರ ಕೇಳುವ ಜಾಗಗಳೂ ಇದ್ದವು. ಚಿಕ್ಕಂದಿನಿಂದ ಈಜಿದ ದಡದಲ್ಲಿ ಟವೆಲು ಹಾಸಲು ಅಂಗೈಯಗಲ ಜಾಗ ಇಲ್ಲವಾದಾಗ, 2023ರ ಜುಲೈಯಲ್ಲಿ ದ್ವೀಪದ ಜನ ಫಲಕ ಹಿಡಿದು ಬೀಚಿನಲ್ಲೇ ಮೆರವಣಿಗೆ ಹೊರಟರು. ಪತ್ರಿಕೆಗಳು ಅದನ್ನು 'ಟವೆಲು ಚಳವಳಿ' ಎಂದು ಕರೆದವು. ಚಳವಳಿ ನಾಕ್ಸೋಸ್ ಮೊದಲಾದ ಇತರ ದ್ವೀಪಗಳಿಗೂ ಹಬ್ಬಿತು.

ಸರ್ಕಾರ ಕಿವಿಗೊಡಲೇಬೇಕಾಯಿತು. 2024ರ ಮಾರ್ಚಿನಲ್ಲಿ ಬಂದ ಹೊಸ ಕಾನೂನಿನಂತೆ ಕುರ್ಚಿಗಳು ನೀರಿನಿಂದ ಕನಿಷ್ಠ 4 ಮೀಟರ್ ದೂರವಿರಬೇಕು. ಬೀಚಿನ ಅರ್ಧಭಾಗ ತೆರವಾಗಿರಬೇಕು, ಸಂರಕ್ಷಿತ ಪ್ರದೇಶಗಳಲ್ಲಾದರೆ ಶೇ. 70ರಷ್ಟು. ಅದೇ ವರ್ಷ 198 ಬೀಚುಗಳಲ್ಲಿ ಕುರ್ಚಿ, ಕೊಡೆಗಳನ್ನು ಪೂರ್ತಿಯಾಗಿ ನಿಷೇಧಿಸಲಾಯಿತು. ಅತಿಕ್ರಮಣ ಕಂಡರೆ ಯಾರು ಬೇಕಾದರೂ ಮೊಬೈಲ್ ಫೋನಿನಿಂದಲೇ ದೂರು ಕೊಡಬಹುದು.

ಈ ವಾದ ಹೊಸದೇನಲ್ಲ. ಕ್ರಿ.ಶ. 533ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ನ್ಯಾಯಸಂಹಿತೆ ಗಾಳಿ, ಹರಿಯುವ ನೀರು, ಕಡಲು ಮತ್ತು ಕಡಲ ದಡಗಳನ್ನು ಪ್ರಕೃತಿ ನಿಯಮದಂತೆ ಎಲ್ಲರ ಸೊತ್ತೆಂದು ಹೇಳಿತ್ತು. ಕಡಲ್ಗಳ್ಳರ ಕಾಲದಲ್ಲಿ ಯಾರಿಗೂ ಬೇಡವಾಗಿದ್ದ, ಕೈದಿಗಳ ಕಾಲದಲ್ಲಿ ಶಿಕ್ಷೆಯಾಗಿದ್ದ ದಡಕ್ಕೆ ಇಂದು ಇಷ್ಟೊಂದು ಜನ ಹಕ್ಕುದಾರರು. ಮರದ ನೆರಳಿನಲ್ಲಿ ಮಲಗಿದ ಆ ಐದಾರು ಗೆಳೆಯರಲ್ಲಿ ದ್ವೀಪದಲ್ಲೇ ಹುಟ್ಟಿ ಬೆಳೆದವನಿಗೂ, ನಾಳೆ ಹಡಗು ಹತ್ತುವವನಿಗೂ, ದುಡ್ಡು ಕೊಡದೆ ಅರ್ಧದಿನ ಸುಮ್ಮನೆ ಒರಗಲು ಎರಡು ಗಜ ಮರಳು ಸಿಗಬೇಕು. ಕಾನೂನು ಪುಸ್ತಕದಲ್ಲಿ ಅದು ಸಿಕ್ಕಿದೆ. ಪ್ರತಿ ಬೇಸಗೆಯಲ್ಲೂ ದಡದ ಮೇಲೆ ಅದನ್ನು ಅಳೆದು ಉಳಿಸಿಕೊಳ್ಳುವ ಕೆಲಸ ದ್ವೀಪದ ಜನರ ಪಾಲಿಗೆ ಬಂದಿದೆ.